ಊಟ, ನಾಟಕ ಮತ್ತು ಮುಂಗಡದ ದುಡ್ಡು
(ನಮ್ಮ ವಾರ್ಷಿಕ ಸಭೆಯಲ್ಲಿ ಆಡಿದ ಮಾತು)



ನಾನು ಭಾಷಣ ಮಾಡುವವನಲ್ಲ. ರಾಜ್ಯೋತ್ಸವಕ್ಕೆ ಲೈಟು, ಮೈಕಿನ ವೈರು ಎಳೆದು ಪರದೆ ಹಿಂದೆ ಕೂರೋದು ನನ್ನ ಕೆಲಸ. ಹೋದ ತಿಂಗಳು ಸಮಿತಿಯವರು, "ನಾಟಕದಿಂದ ಪ್ರತಿ ವರ್ಷ ಕೈ ಸುಟ್ಟುಕೊಳ್ತಾ ಇದ್ದೀವಿ, ಮುಂದಿನ ವರ್ಷದಿಂದ ಊಟ, ಹಾಡು ಇಷ್ಟೇ ಸಾಕು" ಅಂದ್ರು. ನಾನು ಬೇಡ ಅಂತ ಕೈ ಎತ್ತಿದೆ. "ಹಾಗಾದ್ರೆ ಹತ್ತು ನಿಮಿಷ ನೀನೇ ಮಾತಾಡು" ಅಂತ ನನ್ನ ತಲೆಗೆ ಕಟ್ಟಿದ್ರು. ನನಗೆ ಗೊತ್ತಿರೋದು ಒಂದೇ ವಿಷಯ, ಅದನ್ನೇ ಹೇಳ್ತೀನಿ.

2019ರ ಬೇಸಿಗೆಯಲ್ಲಿ ನಮ್ಮ ಕಾಂಟ್ರಾಕ್ಟರ್ ನನ್ನನ್ನು ಇಲ್ಲೇ ಆಲ್ಬರ್ಟಾದ ಒಂದು ಸಣ್ಣ ಊರಿನ ಡಿನ್ನರ್ ಥಿಯೇಟರಿಗೆ ಕೆಲಸಕ್ಕೆ ಕಳಿಸಿದ್ರು. ಹೆಸರು ಬೇಡ. ಗಂಡ ಹೆಂಡತಿ ಸೇರಿ ನಡೆಸುವ ಜಾಗ. ಯಜಮಾನರದು ರಂಗದ ಕೆಲಸ, ಯಜಮಾನಿಯದು ಅಡುಗೆಮನೆ ಮತ್ತು ಲೆಕ್ಕ. 120 ಸೀಟು. ಆವತ್ತಿಂದ ಪ್ರತಿ ಬೇಸಿಗೆ ಬಾಗಿಲು ಹಾಕಿದಾಗ ನಾನು ಅಲ್ಲಿಗೆ ಹೋಗ್ತೀನಿ.

ಡಿನ್ನರ್ ಥಿಯೇಟರ್ ಅಂದ್ರೆ ಒಂದೇ ಟಿಕೆಟ್‌ನಲ್ಲಿ ಊಟ ಮತ್ತು ನಾಟಕ, ಎರಡೂ ಒಂದೇ ಹಾಲಿನಲ್ಲಿ. ಅಮೆರಿಕದಲ್ಲಿ ಇದು 1953ರಲ್ಲಿ ವರ್ಜೀನಿಯಾದ ಹ್ಯಾನೋವರ್ ಟ್ಯಾವರ್ನ್ ಅನ್ನೋ ಹಳೇ ಛತ್ರದಂಥ ಕಟ್ಟಡದಲ್ಲಿ ಶುರುವಾಯ್ತು ಅಂತಾರೆ. ನಾರ್ತ್ ಕ್ಯಾರೊಲೈನಾದ ಗ್ರೀನ್ಸ್‌ಬರೊದಲ್ಲಿ 1964ರಿಂದ ನಡೀತಾ ಇರುವ ಒಂದು ಥಿಯೇಟರಲ್ಲಿ, ಊಟ ಮುಗಿದ ಮೇಲೆ ರಂಗಸ್ಥಳವೇ ಚಾವಣಿಯಿಂದ ಕೆಳಗೆ ಇಳಿಯುತ್ತೆ. ಅದರ ಮೋಟಾರು ನೋಡಬೇಕು ಅನ್ನೋದು ನನ್ನ ಆಸೆ. ನಮ್ಮ ಹತ್ತಿರವೇ, ಕ್ಯಾಲ್ಗರಿಯಿಂದ ಒಂದು ಗಂಟೆ ಮೇಲೆ ಹೋದ್ರೆ ರೋಸ್‌ಬಡ್ ಅಂತ ಪುಟ್ಟ ಹಳ್ಳಿ ಇದೆ. ಅಲ್ಲಿರೋ ಜನ ನೂರರ ಆಸುಪಾಸು. ಅಲ್ಲೂ ಊಟ ಹಾಕಿ ನಾಟಕ ತೋರಿಸ್ತಾರೆ, ಜನ ಸಿಟಿಯಿಂದ ಬಂದು ನೋಡ್ತಾರೆ.

ನನಗೆ ಇದು ಹೊಸದು ಅನ್ನಿಸಲಿಲ್ಲ. ನಮ್ಮೂರು ಬಾದಾಮಿ ಪಕ್ಕ. ಪುಷ್ಯ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ತಿಂಗಳಗಟ್ಟಲೆ ನಾಟಕ ಕಂಪನಿಗಳ ಟೆಂಟು. ದೇವಸ್ಥಾನದ ಹತ್ತಿರ ಬುಟ್ಟಿ ಇಟ್ಕೊಂಡು ಕೂತ ಅವ್ವಂದಿರ ಕೈಯಿಂದ ರೊಟ್ಟಿ, ಕೆಂಪು ಚಟ್ನಿ, ಮೊಸರು ತಿಂದು, ಆಮೇಲೆ ನಾಟಕಕ್ಕೆ ನುಗ್ಗೋದು. ಜಾತ್ರೆ ಕ್ಯಾಂಪಿನ ದುಡ್ಡು ಮಳೆಗಾಲಕ್ಕೆ ಆಗಬೇಕು ಅಂತ ದೊಡ್ಡವರು ಮಾತಾಡೋದು ಕೇಳಿದ್ದೆ. ಇಲ್ಲಿ ಮಳೆಗಾಲದ ಬದಲು ಜನವರಿಯ ಮೈನಸ್ ಮೂವತ್ತು, ಅಷ್ಟೇ ವ್ಯತ್ಯಾಸ.

ಇವರ ವರ್ಷ ಸೆಪ್ಟೆಂಬರಿನಲ್ಲಿ ಶುರು. ನವೆಂಬರ್, ಡಿಸೆಂಬರ್ ಸುಗ್ಗಿ: ಕಂಪನಿಗಳ ಪಾರ್ಟಿ, ಕುಟುಂಬಗಳು, ವಯಸ್ಸಾದವರನ್ನು ಬಸ್ಸಿನಲ್ಲಿ ಕರ್ಕೊಂಡು ಬರುವ ಮಧ್ಯಾಹ್ನದ ಆಟ. ಜನವರಿ, ಫೆಬ್ರವರಿ ಬಿಕೋ ಅನ್ನುತ್ತೆ. ಹಿಮ ಬಿದ್ದು ರಸ್ತೆ ಮುಚ್ಚಿದ್ರೆ ಮಾಡಿದ ಅಡುಗೆ ಹಾಗೇ ಉಳಿಯುತ್ತೆ. ದುಡ್ಡು ವಾಪಸ್ ಇಲ್ಲ, ಆದ್ರೆ ಬೇರೆ ದಿನದ ಸೀಟು ಕೊಡ್ತಾರೆ. ಅಂದ್ರೆ ಆ ದಿನ ಮಾರಬೇಕಾಗಿದ್ದ ಸೀಟು ಒಂದು ಹೋಯ್ತು. ಹಿಮ ಒಂದು ದಿನ ಬೀಳುತ್ತೆ, ನಷ್ಟ ಎರಡು ದಿನದ್ದು.

ನಾಟಕ ಆರಿಸೋದೂ ಲೆಕ್ಕವೇ. ಹೆಚ್ಚು ಪಾತ್ರ ಇದ್ರೆ ಅಷ್ಟು ಸಂಬಳ. ಅದಕ್ಕೇ ನಾರ್ಮ್ ಫಾಸ್ಟರ್ ಅನ್ನೋ ಕೆನಡಾದ ನಾಟಕಕಾರರ ಹಾಸ್ಯ ನಾಟಕಗಳು ಇಂಥ ಕಡೆ ಜಾಸ್ತಿ. ಪಾತ್ರ ಕಡಿಮೆ, ನಗು ಜಾಸ್ತಿ. ಅಮೆರಿಕದ ಮಿನೆಸೋಟಾದಲ್ಲಿ ಚಾನ್‌ಹ್ಯಾಸೆನ್ ಅನ್ನೋ ದೊಡ್ಡ ಡಿನ್ನರ್ ಥಿಯೇಟರ್ ಇದೆ. ಅಲ್ಲಿ ಗಂಡ ಹೆಂಡತಿ ಎರಡೇ ಪಾತ್ರ ಇರುವ 'ಐ ಡೂ! ಐ ಡೂ!' ಇಪ್ಪತ್ತು ವರ್ಷದ ಮೇಲೆ ನಡೀತು. ಎರಡೇ ಪಾತ್ರ! ನಮ್ಮಲ್ಲಿ ಹೋದ ವರ್ಷದ ನಾಟಕದಲ್ಲಿ ಸೈನಿಕರೇ ಒಂಬತ್ತು ಜನ ಇದ್ರು. ಬೇಜಾರು ಮಾಡ್ಕೋಬೇಡಿ, ಸೈನಿಕರೇ. ಆಮೇಲೆ ಹಕ್ಕಿನ ವಿಷಯ. ಇಲ್ಲಿ ನಾಟಕ ಆಡೋ ಮೊದಲು ಹಕ್ಕಿದ್ದವರಿಗೆ ದುಡ್ಡು ಕಟ್ಟಿ ಒಪ್ಪಿಗೆ ತಗೋಬೇಕು, ಕೇಳದೆ ಮಾತು ಬದಲಾಯಿಸುವ ಹಾಗಿಲ್ಲ. ನಾವು ಇಷ್ಟು ವರ್ಷದಲ್ಲಿ ಒಬ್ಬ ಕನ್ನಡ ನಾಟಕಕಾರರಿಗೆ ಒಂದು ಪತ್ರ ಬರೆದಿದ್ದೀವಾ? ಇಲ್ಲ.

ಈಗ ನನ್ನ ಕಸುಬಿನ ಮಾತು. 2019ರ ಡಿಸೆಂಬರ್‌ನಲ್ಲಿ ಯಜಮಾನಿ ಎರಡು ಟಿಕೆಟ್ ಕೊಟ್ಟಿದ್ರು, ನಾನು ನನ್ನ ಹೆಂಡತಿ ಹೋಗಿದ್ವಿ. ಮೊದಲ ಅಂಕ ಮುಗಿಯೋಕೆ ಇನ್ನೊಂದು ಹಾಡು ಬಾಕಿ. ಇದ್ದಕ್ಕಿದ್ದಂತೆ ಸಂಗೀತ ನಿಂತು ಹೋಯ್ತು. ಹಾಡುತ್ತಿದ್ದ ಹುಡುಗಿ ನಿಲ್ಲಲಿಲ್ಲ, ಬರೀ ಗಂಟಲಲ್ಲೇ ಮುಂದುವರಿಸಿದಳು, ಜನ ಇದೂ ನಾಟಕ ಅಂದ್ಕೊಂಡ್ರು. ನಾನು ಪ್ಯಾನೆಲ್ ಕಡೆ ಓಡಿದೆ. ಆಗಿದ್ದು ಇಷ್ಟು: ಇಂಟರ್ವಲ್‌ಗೆ ಕಾಫಿ ಬಿಸಿ ಇರಲಿ ಅಂತ ಹೊಸ ಹುಡುಗ ಎರಡು ಕಾಫಿ ಪಾತ್ರೆಯ ಪ್ಲಗ್ಗನ್ನೂ ಒಂದೇ ಗೋಡೆಗೆ ಚುಚ್ಚಿದ್ದ. ಒಂದೊಂದು 1500 ವ್ಯಾಟ್. ನಮ್ಮೂರಿನ 230 ವೋಲ್ಟಿನಲ್ಲಿ ಎರಡೂ ಸೇರಿ 13 ಆಂಪಿಯರ್. ಇಲ್ಲಿ 120 ವೋಲ್ಟು, ಆದ್ದರಿಂದ 25 ಆಂಪಿಯರ್. ಬ್ರೇಕರ್ 15ರದ್ದು. ಅದೇ ಸರ್ಕ್ಯೂಟಿನ ಇನ್ನೊಂದು ತುದಿಯಲ್ಲಿ ಸೌಂಡ್ ಬೋರ್ಡು. ಹಳೇ ಕಟ್ಟಡ, ಯಾರೋ ಯಾವಾಗಲೋ ಸೇರಿಸಿದ್ದು.

ಯಜಮಾನಿ ಓಡಿ ಬಂದು ಕೇಳಿದ್ದು "ಸೌಂಡು ಬಂತಾ?" ಅಂತಲ್ಲ, "ಕಾಫಿ ಎಷ್ಟು ಹೊತ್ತಾಗುತ್ತೆ?" ಅಂತ. ನನಗೆ ಸಿಟ್ಟೇ ಬಂತು. ಆಮೇಲೆ ಅರ್ಥ ಆಯ್ತು. ಇಂಟರ್ವಲ್‌ನ ಕಾಫಿ, ಸಿಹಿ ತಡವಾದ್ರೆ ಎರಡನೇ ಅಂಕ ತಡ, ಕೆಲಸದವರಿಗೆ ಓವರ್‌ಟೈಮ್, ಬಸ್ಸಿನ ಡ್ರೈವರ್ ಹೊರಗೆ ಗಡಿಯಾರ ನೋಡ್ತಾ ಇರ್ತಾನೆ. ಅಡುಗೆಮನೆ ಮತ್ತು ರಂಗ ಒಂದೇ ಸರ್ಕ್ಯೂಟಿನಲ್ಲಿವೆ, ವೈರಿನಲ್ಲಿ ಮಾತ್ರ ಅಲ್ಲ. ಮುಂದೆ ನಾನು ಕಾಫಿಗೆ ಬೇರೆ ಬೇರೆ ಲೈನ್ ಎಳೆದುಕೊಟ್ಟೆ.

ದುಡ್ಡಿನ ವಿಷಯಕ್ಕೆ ಬರ್ತೀನಿ, ನಾನು ಕೈ ಎತ್ತಿದ್ದು ಇದಕ್ಕೇ. ಕ್ರಿಸ್‌ಮಸ್ ಹೊತ್ತಿಗೆ ಜನ ಗಿಫ್ಟ್ ಸರ್ಟಿಫಿಕೇಟ್ ಕೊಳ್ತಾರೆ. ಇವತ್ತು ದುಡ್ಡು ಕೊಟ್ಟು, ಮುಂದೆ ಯಾವತ್ತೋ ಬಂದು ಉಂಡು ನಾಟಕ ನೋಡೋ ಚೀಟಿ. ಸೀಸನ್ ಟಿಕೆಟ್ ಕೂಡ ಹಾಗೇ. ಡಿಸೆಂಬರ್ ಕೊನೆಗೆ ಬ್ಯಾಂಕಿನಲ್ಲಿ ದುಡ್ಡು ತುಂಬಿರುತ್ತೆ. ಆದ್ರೆ ಅದು ಲಾಭ ಅಲ್ಲ, ಸಾಲ. ಏಜೆಂಟಿನ ಹತ್ತಿರ ಮುಂಗಡ ತಗೊಂಡು ದುಡಿದವರು ಇಲ್ಲಿ ಇದ್ದೀರಿ, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನಿ ಆ ದುಡ್ಡಿಗೆ ಬೇರೆ ಖಾತೆಯೇ ಇಟ್ಟಿದ್ರು. ಪ್ರತಿ ಆಟ ಮುಗಿದ ರಾತ್ರಿ, ಎಷ್ಟು ಚೀಟಿ ಬಂತೋ ಅಷ್ಟನ್ನು ಮಾತ್ರ ಈ ಖಾತೆಗೆ ತರೋದು.

2019ರಲ್ಲಿ ಒಂದೇ ಒಂದು ಸಲ ಅದನ್ನು ಮುರಿದ್ರು. ಒಲೆ ಮೇಲಿನ ಹೊಗೆ ಎಳೆಯೋ ಫ್ಯಾನು ಹಾಳಾಗಿತ್ತು, ಸದ್ದಿಗೆ ಮೆಲುದನಿಯ ಮಾತು ಕೇಳ್ತಾ ಇರಲಿಲ್ಲ. ಹೊಸದು ಹಾಕಿಸಿದ್ರು, ಚೀಟಿ ದುಡ್ಡಿನಲ್ಲಿ. ವಸಂತದಲ್ಲಿ ತುಂಬಿಕೊಡೋಣ ಅಂದ್ಕೊಂಡಿದ್ರು. ಆ ಫ್ಯಾನಿಗೆ ವೈರ್ ಎಳೆದವನು ನಾನೇ, ನನ್ನ ಕೂಲಿಯೂ ಅದರಲ್ಲೇ ಬಂದಿರಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂತು, ಬಾಗಿಲು ಬಿತ್ತು.

ಮತ್ತೆ ತೆರೆದಾಗ ಹಾಲು ತುಂಬಿತ್ತು. ನಾನು ಖುಷಿಯಿಂದ "ಒಳ್ಳೇದಾಯ್ತಲ್ಲ" ಅಂದೆ. ಯಜಮಾನಿ ಮೇಜುಗಳನ್ನು ಬೆರಳಲ್ಲಿ ತೋರಿಸ್ತಾ ಹೋದ್ರು: ಇದು ಹಳೇ ಚೀಟಿ, ಅದು ಹಳೇ ಚೀಟಿ, ಅದೂ. ಕೋಳಿ ಇವತ್ತಿನ ಬೆಲೆಗೆ ತಂದದ್ದು, ನಟರಿಗೆ ಇವತ್ತಿನ ಸಂಬಳ, ಆ ಮೇಜುಗಳ ದುಡ್ಡು ಮಾತ್ರ ಎರಡು ವರ್ಷದ ಹಿಂದೆ ಫ್ಯಾನಾಗಿ ಚಾವಣಿಯಲ್ಲಿ ತಿರುಗ್ತಾ ಇತ್ತು. ಆದ್ರೆ ಒಂದು ಚೀಟಿಯನ್ನೂ ಅವರು ಇಲ್ಲ ಅನ್ನಲಿಲ್ಲ. ವರ್ಷಕ್ಕೆ ಐದು ನಾಟಕ ಇದ್ದದ್ದು ಮೂರಕ್ಕೆ ಇಳೀತು. ಯಜಮಾನಿ ಬೆಳಿಗ್ಗೆ ಹೊತ್ತು ಬೇರೆ ಕಡೆ ಅಡುಗೆ ಕೆಲಸಕ್ಕೆ ಹೋದ್ರು. ನಮ್ಮ ಕಾಂಟ್ರಾಕ್ಟರ್ ಬಿಲ್ಲನ್ನು ಎರಡು ಕಂತು ಮಾಡಿದ್ರು. ಈಗ ನಾಲ್ಕನೇ ನಾಟಕ ಮತ್ತೆ ಸೇರಿಸಿದ್ದಾರೆ.

ನಮ್ಮ ಲೆಕ್ಕ ನೋಡ್ರಿ. ನಾವು ವರ್ಷಕ್ಕೆ ಒಂದು ದಿನ ಡಿನ್ನರ್ ಥಿಯೇಟರೇ ನಡೆಸ್ತೀವಿ, ಹೆಸರು ಮಾತ್ರ ರಾಜ್ಯೋತ್ಸವ. ಈ ವರ್ಷದ ಸದಸ್ಯತ್ವದ ದುಡ್ಡಲ್ಲಿ ಹೋದ ವರ್ಷದ ಬಾಕಿ ತೀರಿಸ್ತೀವಿ. ಎಷ್ಟು ಜನ ಬರ್ತಾರೆ ಅಂತ ಗೊತ್ತಿಲ್ಲದೆ ಅಂದಾಜಿಗೆ ಅಡುಗೆ ಮಾಡ್ತೀವಿ. ಹೋದ ಸಲ ಉಳಿದ ಬಿಸಿಬೇಳೆಬಾತನ್ನು ನಾನು ಬುಧವಾರದ ತನಕ ಡಬ್ಬಿಗೆ ತಗೊಂಡು ಹೋದೆ. ಊಟ ಆದ ಮೇಲೆ ಅರ್ಧ ಜನ ಕೈ ತೊಳ್ಕೊಂಡು ಪಾರ್ಕಿಂಗ್ ಕಡೆ ನಡೀತಾರೆ, ಖಾಲಿ ಕುರ್ಚಿಗೆ ನಾಟಕ. ಆಮೇಲೆ ನಾಟಕದಿಂದ ನಷ್ಟ ಅಂತೀವಿ. ನಷ್ಟ ಆಗಿದ್ದು ಅನ್ನದಲ್ಲಿ, ಬೈಗುಳ ತಿಂದಿದ್ದು ನಾಟಕ.

ಹಾಗಾಗಿ ನಾನು ಕೇಳೋದು ಇಷ್ಟು. ನಾಲ್ಕು ಪಾತ್ರದ, ಒಂದೇ ಮನೆಯ ಸೀನಿನ ನಾಟಕ ಆರಿಸೋಣ, ಬರೆದವರಿಗೆ ಪತ್ರ ಹಾಕೋಣ. ಊಟದ ಟಿಕೆಟ್ ಹತ್ತು ದಿನ ಮುಂಚೆ ಮುಗಿಸೋಣ, ಬಾಗಿಲಲ್ಲಿ ಮಾರೋದು ಬೇಡ. ಹೋಳಿಗೆಯನ್ನು ಊಟದಲ್ಲಿ ಬಡಿಸಬೇಡಿ, ಇಂಟರ್ವಲ್‌ಗೆ ಇಡಿ. ಯಾರು ಎದ್ದು ಹೋಗ್ತಾರೋ ನೋಡ್ತೀನಿ. ಕಾಫಿ ಪಾತ್ರೆ ಎಲ್ಲಿ ಚುಚ್ಚಬೇಕು ಅಂತ ನಾನು ಹೇಳ್ತೀನಿ.

ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದೀನಿ, ಮುಂದಿನ ನವೆಂಬರಿನದು. ಮೊದಲ ಸಾಲಿನಲ್ಲಿ ನಮ್ಮ ಮನೆಯ ಮೂರು ತಲೆ ಬರೆದು, ದುಡ್ಡನ್ನು ಬೆಳಿಗ್ಗೆಯೇ ಖಜಾಂಚಿಯವರ ಕೈಗೆ ಕೊಟ್ಟಿದ್ದೀನಿ. ಖಜಾಂಚಿ ಅಣ್ಣಾ, ಅದರಲ್ಲಿ ಇವತ್ತಿನ ಹಾಲ್ ಬಾಡಿಗೆ ಕಟ್ಟಬೇಡಿ.