ಶಿಶುವಿಹಾರದಲ್ಲಿ ಆಟ ಮತ್ತು ಪಾಠ

ಮೂರು ನಾಲ್ಕು ವರ್ಷದ ಮಗುವಿರುವ ನಮ್ಮ ಪಟ್ಟಣದ ಮನೆಗಳಲ್ಲಿ ಸಂಜೆಯ ಹೊತ್ತು ಒಂದು ಪ್ರಶ್ನೋತ್ತರವು ತಪ್ಪದೆ ನಡೆಯುವುದುಂಟು. “ಇಂದು ಶಾಲೆಯಲ್ಲಿ ಏನು ಕಲಿತೆ?” ಎಂದು ತಂದೆ ಕೇಳುವರು. “ಆಟವಾಡಿದೆ” ಎಂದು ಮಗು ಹೇಳುವುದು. ತಂದೆಯ ಮುಖ ಸಣ್ಣದಾಗುವುದು. ಇಷ್ಟು ಹಣ ತೆತ್ತದ್ದು ಆಟಕ್ಕಾಗಿಯೇ ಎಂದು ಅವರಿಗೆ ತೋರುವುದು. ಮರುದಿನವೇ ಅಕ್ಷರ ತಿದ್ದಿಸುವ ಮತ್ತೊಂದು ಶಾಲೆಯ ವಿಚಾರಣೆ ಆರಂಭವಾಗುವುದು. ಈ ತಪ್ಪನ್ನು ನಾವೂ ಮಾಡಿದ್ದೇವೆ. ಆದುದರಿಂದಲೇ, ಎಳೆಯ ಮಕ್ಕಳಿಗೆ ಆಟವೆಂಬುದು ಏನು, ಅದರಿಂದ ಅವರು ಕಲಿಯುವುದು ಹೇಗೆ ಎಂಬ ವಿಷಯವನ್ನು ಕುರಿತು ಈ ಸಂಜೆ ತಮ್ಮೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ಬಯಸಿದ್ದೇವೆ.

ಶಿಶುಗಳಿಗೆ ಆಟದ ಮೂಲಕ ಪಾಠ ಹೇಳುವ ಶಾಲೆಯು ಹೊಸ ಕಾಲದ ಶೋಕಿಯೆಂದು ಹಲವರು ಭಾವಿಸಿರುವರು. ಅದಕ್ಕೆ ಎರಡು ಶತಮಾನಗಳಿಗೆ ಸಮೀಪವಾದ ಚರಿತ್ರೆಯಿದೆ. ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ ಎಂಬ ಉಪಾಧ್ಯಾಯನು ೧೮೩೭ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಎಳೆಯರಿಗಾಗಿ ಒಂದು ಸಂಸ್ಥೆಯನ್ನು ತೆರೆದನು. ೧೮೪೦ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಎಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಅವನು ಮಕ್ಕಳ ಕೈಗೆ ಕೊಟ್ಟದ್ದು ಪುಸ್ತಕವನ್ನಲ್ಲ. ಮೊದಲು ಬಣ್ಣಬಣ್ಣದ ಆರು ಉಣ್ಣೆಯ ಚೆಂಡುಗಳು. ಅನಂತರ ಮರದ ಒಂದು ಗುಂಡು, ಒಂದು ಘನ, ಒಂದು ಉರುಳೆ. ಬಳಿಕ ಎಂಟು ತುಂಡುಗಳಾಗಿ ಬಿಡಿಸಿ ಮತ್ತೆ ಒಂದಾಗಿ ಕೂಡಿಸಬಹುದಾದ ಒಂದು ಘನ. ಈ ಎಂಟು ತುಂಡುಗಳಿಂದ ಮಗು ಕುರ್ಚಿಯನ್ನು ಕಟ್ಟುವುದು, ಸೇತುವೆಯನ್ನು ಕಟ್ಟುವುದು. ಕಟ್ಟುತ್ತ ಕಟ್ಟುತ್ತ ಅರ್ಧವೆಂದರೇನು, ಕಾಲೆಂದರೇನು ಎಂಬುದು ಹೆಸರು ತಿಳಿಯುವುದಕ್ಕೆ ಮುಂಚೆಯೇ ಅದರ ಬೆರಳುಗಳಿಗೆ ತಿಳಿದುಹೋಗುವುದು. ಇಂತಹ ನಿರಪಾಯವಾದ ಶಾಲೆಯನ್ನೂ ಪ್ರಷ್ಯದ ಸರ್ಕಾರವು ನಾಸ್ತಿಕತೆಯ ಮತ್ತು ಸಮತಾವಾದದ ಶಂಕೆಯಿಂದ ೧೮೫೧ರಲ್ಲಿ ನಿಷೇಧಿಸಿತು. ಮರುವರ್ಷ ಫ್ರೋಬೆಲನು ತೀರಿಕೊಂಡನು. ನಿಷೇಧವು ತೊಲಗಿದ್ದು ೧೮೬೦ರಲ್ಲಿ.

ಈ ಮಾರ್ಗವನ್ನು ಶಾಸ್ತ್ರೀಯವಾದ ಅವಲೋಕನದಿಂದ ಮುಂದುವರಿಸಿದವರು ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿಯವರು. ೧೯೦೭ರ ಜನವರಿಯಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಅವರು ‘ಮಕ್ಕಳ ಮನೆ’ಯನ್ನು ತೆರೆದರು. ಅವರು ಕಂಡ ಒಂದು ಪ್ರಸಂಗವು ಮನನೀಯವಾದುದು. ಮೂರು ವರ್ಷದ ಒಂದು ಹೆಣ್ಣುಮಗು ಮರದ ಗೂಡುಗಳಲ್ಲಿ ದಪ್ಪ ಸಣ್ಣ ಗೂಟಗಳನ್ನು ಅಳವಡಿಸುತ್ತ ಕುಳಿತಿತ್ತು. ಒಮ್ಮೆ ಮುಗಿದೊಡನೆ ತೆಗೆದು ಕಲಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಿತ್ತು. ಸುತ್ತಲಿನ ಮಕ್ಕಳಿಂದ ಹಾಡಿಸಿದರು; ಮಗು ತಲೆಯೆತ್ತಲಿಲ್ಲ. ಕುಳಿತ ಕುರ್ಚಿಯ ಸಮೇತ ಅದನ್ನು ಎತ್ತಿ ಮೇಜಿನ ಮೇಲಿಟ್ಟರು; ಗೂಟಗಳನ್ನು ಮಡಿಲಿಗೆ ಸೆಳೆದುಕೊಂಡು ಕೆಲಸವನ್ನು ಮುಂದುವರಿಸಿತು. ನಲವತ್ತಕ್ಕೂ ಹೆಚ್ಚು ಬಾರಿ ಹಾಗೆ ಮಾಡಿ, ಯಾರೂ ಹೇಳದೆ ತಾನಾಗಿಯೇ ನಿಲ್ಲಿಸಿ, ನಿದ್ದೆಯಿಂದೆದ್ದಂತೆ ನಗುತ್ತ ಸುತ್ತಲೂ ನೋಡಿತು. ಎಳೆಯರಿಗೆ ಏಕಾಗ್ರತೆಯಿಲ್ಲವೆಂದು ದೂರುವ ನಾವು, ಅವರ ಕೈಗೆ ತಕ್ಕ ಕೆಲಸವನ್ನು ಕೊಟ್ಟಿದ್ದೇವೆಯೆ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ನಮ್ಮ ಮನೆಯ ಅನುಭವವೊಂದನ್ನು ಇಲ್ಲಿ ಅರಿಕೆ ಮಾಡುವೆವು. ನಮ್ಮ ಮಗಳನ್ನು ಮೂರನೆಯ ವರ್ಷದಲ್ಲಿಯೇ ಹೆಸರಾದ ಒಂದು ಶಾಲೆಗೆ ಸೇರಿಸಿದ್ದೆವು. ನಾಲ್ಕು ತುಂಬುವಷ್ಟರಲ್ಲಿ ಅವಳು ಒಂದರಿಂದ ನೂರರವರೆಗೆ ತಡೆಯಿಲ್ಲದೆ ಒಪ್ಪಿಸುತ್ತಿದ್ದಳು. ಬಂದ ನೆಂಟರ ಮುಂದೆ ನಾವು ಅದನ್ನು ಹೇಳಿಸಿ ಬೀಗಿದ್ದೂ ಉಂಟು. ಒಂದು ದಿನ ಊಟದ ಹೊತ್ತಿಗೆ ಏಳು ಲೋಟಗಳನ್ನು ತಾರಮ್ಮ ಎಂದೆವು. ತೋಳಿಗೆ ಹಿಡಿಸಿದಷ್ಟು ಲೋಟಗಳನ್ನು ತಂದು ನಿಂತಳು. ನೂರು ಹೇಳಬಲ್ಲವಳಿಗೆ ಏಳು ತಿಳಿದಿರಲಿಲ್ಲ. ಅದರ ಮೇಲೆ, ಬರೆಯೆಂದರೆ ಕೈ ನೋಯುವುದೆಂದು ಅಳುತ್ತಿದ್ದಳು. ಅದನ್ನು ನಾವು ಸೋಮಾರಿತನವೆಂದು ಗದರಿಸಿದ್ದೆವು. ಆ ಕಣ್ಣೀರು ಸುಳ್ಳಾಗಿರಲಿಲ್ಲ. ಮನುಷ್ಯನ ಮಣಿಕಟ್ಟಿನಲ್ಲಿರುವ ಎಂಟು ಎಲುಬುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೂರು ವರ್ಷದ ಮಗುವಿನಲ್ಲಿ ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ. ಬೆರಳಿನ ಸಣ್ಣ ಸ್ನಾಯುಗಳು ಬಲಿತಿರುವುದಿಲ್ಲ.

ಆ ಸ್ಥಿತಿಯಿಂದ ಮಗುವನ್ನು ಪಾರುಮಾಡಿದವರು ಅದರ ಅಜ್ಜಿ. ಅವರು ಅಟ್ಟದಿಂದ ಹಳೆಯ ಅಳಗುಳಿಮಣೆಯನ್ನು ಇಳಿಸಿದರು. ಎರಡು ಸಾಲು, ಸಾಲಿಗೆ ಏಳು ಗುಳಿ, ಒಂದು ಹಿಡಿ ಹುಣಸೆಬೀಜ. ಗುಳಿಗೊಂದರಂತೆ ಬೀಜವನ್ನು ಬಿಡುತ್ತ ಹೋಗುವುದಷ್ಟೇ ಆಟ. ಒಂದು ಗುಳಿಗೆ ಒಂದೇ ಬೀಜ, ಒಂದು ಬೀಜಕ್ಕೆ ಒಂದೇ ಹೆಸರು ಎಂಬ ನಿಯಮವು ಅವಳ ಕೈಗೆ ಹತ್ತಿತು. ಎಣಿಕೆಯ ಜೀವಾಳವಿರುವುದು ಇದರಲ್ಲಿಯೇ. ಹೆಬ್ಬೆರಳು ತೋರುಬೆರಳುಗಳ ನಡುವೆ ಬೀಜವನ್ನು ಹಿಡಿಯುವ ಹಿಡಿತವೇ ಮುಂದೆ ಲೇಖನಿಯನ್ನು ಹಿಡಿಯುವ ಹಿಡಿತವೂ ಆಯಿತು. ಕೆಲವು ವಾರಗಳ ಮೇಲೆ ಲೋಟಗಳು ಏಳೇ ಬಂದವು.

ಇಂತಹ ಶಿಕ್ಷಣಕ್ಕೆ ಬೆಲೆಯುಳ್ಳ ಉಪಕರಣಗಳು ಬೇಕು, ಅದು ಉಳ್ಳವರ ಮಕ್ಕಳಿಗೆ ಮಾತ್ರ ಎಂಬ ಆಕ್ಷೇಪಣೆಯೊಂದುಂಟು. ಇದಕ್ಕೆ ಉತ್ತರವನ್ನು ನಮ್ಮ ದೇಶವೇ ಕೊಟ್ಟಿದೆ. ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿ, ಮಾಂಟೆಸೊರಿ ಪದ್ಧತಿಗೆ ಕಥೆ, ಹಾಡು, ನಾಟಕಗಳನ್ನು ಸೇರಿಸಿ ನಮ್ಮದನ್ನಾಗಿ ಮಾಡಿಕೊಂಡರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು ೧೯೪೫ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿ ಎಂಬ ಕಡಲ ತಡಿಯ ಹಳ್ಳಿಗೆ ಹೋದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಅಂಗಳಕ್ಕೆ ಕೊಂಡೊಯ್ದರು. ಅಲ್ಲಿನ ಉಪಕರಣಗಳು ಕಪ್ಪೆಚಿಪ್ಪು, ಬೆಣಚುಕಲ್ಲು, ಬೀಜ, ಎಲೆ. ‘ಅಂಗನವಾಡಿ’ ಎಂಬ ಮಾತು ಬೆಳೆದುಬಂದುದು ಈ ಅಂಗಳದ ಶಾಲೆಯಿಂದ. ೧೯೭೫ರ ಅಕ್ಟೋಬರ್ ೨ರಂದು ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ ೩೩ ಕಡೆಗಳಲ್ಲಿ ಆರಂಭಿಸಿದಾಗ, ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿತ್ತು.

ಇನ್ನೊಂದು ಅಪಾರ್ಥವನ್ನೂ ನಿವಾರಿಸಬೇಕು. ಆಟದ ಪಾಠವೆಂದರೆ ಒಂದು ಕೋಣೆಯಲ್ಲಿ ಬೊಂಬೆಗಳನ್ನು ಸುರಿದು ಮಕ್ಕಳನ್ನು ಅವರ ಪಾಡಿಗೆ ಬಿಡುವುದಲ್ಲ. ಅಲ್ಲಿ ಉಪಾಧ್ಯಾಯಿನಿಯ ಕೆಲಸ ಕಡಮೆಯಾಗುವುದಿಲ್ಲ, ಹೆಚ್ಚುವುದು. ಯಾವ ಮಗುವಿಗೆ ಇಂದು ಏನನ್ನು ಕೊಡಬೇಕು, ಎಲ್ಲಿ ಕೈಹಿಡಿಯಬೇಕು, ಎಲ್ಲಿ ಸುಮ್ಮನೆ ನೋಡುತ್ತ ನಿಲ್ಲಬೇಕು ಎಂಬುದನ್ನು ಆಕೆ ಅರಿತಿರಬೇಕು. ಮರಳನ್ನು ಅಳೆಯುವ ಮಗುವಿಗೆ ಎರಡು ಗಾತ್ರದ ಸೇರುಗಳನ್ನು ಕೊಟ್ಟು, “ಯಾವುದರಲ್ಲಿ ಹೆಚ್ಚು ಹಿಡಿಯುವುದು?” ಎಂದು ತಕ್ಕ ಹೊತ್ತಿನಲ್ಲಿ ಕೇಳುವುದೇ ಪಾಠ. ಒಬ್ಬ ಉಪಾಧ್ಯಾಯಿನಿಗೆ ಐವತ್ತು ಮಕ್ಕಳನ್ನು ಒಪ್ಪಿಸಿದರೆ ಇದು ಸಾಧ್ಯವಾಗದು.

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟರವರೆಗಿನ ವಯಸ್ಸನ್ನು ಒಂದೇ ಹಂತವೆಂದು ಎಣಿಸಿ, ಆ ಹಂತದಲ್ಲಿ ಆಟ ಮತ್ತು ಕೈಗೆಲಸಗಳ ಮೂಲಕ ಕಲಿಸಬೇಕೆಂದು ವಿಧಿಸಿದೆ. ನೀತಿಯು ಕಾಗದದ ಮೇಲಿರುವುದು. ಶಾಲೆಯು ನಡೆಯುವುದು ತಂದೆತಾಯಿಗಳ ಬೇಡಿಕೆಯಂತೆ. ತುಂಬಿದ ಕಾಪಿಪುಸ್ತಕವನ್ನು ನಾವು ಕೇಳುವವರೆಗೂ ಶಾಲೆಗಳು ಅದನ್ನೇ ಕೊಡುವುವು. ಆದುದರಿಂದ ಮೊದಲು ತಿದ್ದಿಕೊಳ್ಳಬೇಕಾದವರು ನಾವು.

ಇದಕ್ಕೆ ನಾಳೆಯವರೆಗೆ ಕಾಯಬೇಕಾಗಿಲ್ಲ. ಅವರೆಕಾಯಿ ಸುಲಿಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ರಂಗೋಲಿಯ ಚುಕ್ಕಿಗಳನ್ನು ಇಡಿಸಬಹುದು. ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಲು ಐದು ನಿಮಿಷ ಹಿಡಿದರೂ ತಾಳ್ಮೆಯಿಂದಿರಬಹುದು. ಸಂಜೆ ಮಗು ಮನೆಗೆ ಬಂದು “ಆಟವಾಡಿದೆ” ಎಂದಾಗ, “ಏನಾಟ? ಹೇಗೆ ಆಡಿದೆ? ನಮಗೂ ತೋರಿಸು” ಎಂದು ಕೇಳಿ, ನೆಲದ ಮೇಲೆ ಅದರ ಎದುರಿಗೆ ಕುಳಿತುಕೊಳ್ಳೋಣ. ಅದು ಕಲಿತದ್ದೇನೆಂಬುದು ಆಗ ನಮಗೆ ತಾನಾಗಿಯೇ ತಿಳಿಯುವುದು.