ನದಿ ಸೇರುವ ಪ್ಲಾಸ್ಟಿಕ್‌ನ ಜಾಡು

ಪ್ಲಾಸ್ಟಿಕ್ ಕಸ ಹೆಚ್ಚಾಗಿ ಚರಂಡಿಗಳ ಮೂಲಕವೇ ನದಿ ಸೇರುತ್ತದೆ. ಬೀದಿಯಲ್ಲಿ ಬಿದ್ದ ಕವರು, ಗುಟ್ಕಾ ಪೊಟ್ಟಣ, ನೀರಿನ ಬಾಟಲಿಗಳು ಮೊದಲ ಜೋರು ಮಳೆಗೆ ಮೋರಿಗೆ ಇಳಿಯುತ್ತವೆ. ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಹೊಳೆಗೆ ಅವುಗಳ ಪಯಣ. ಬೆಂಗಳೂರಿನ ಕಸ ವೃಷಭಾವತಿಗೆ ಇಳಿದು, ಅರ್ಕಾವತಿಯ ಮೂಲಕ ಕಾವೇರಿಯತ್ತ ಸಾಗುವ ದಾರಿಯೂ ಇದೇ. ನೀರಿನ ಮೇಲೆ ಎಷ್ಟು ಕಸ ತೇಲುತ್ತಿದೆ ಎಂಬ ಲೆಕ್ಕ ಬೇಕೇ ಬೇಕು. ಆದರೆ ಅದು ಯಾವ ಮೋರಿಯಿಂದ ಬಂತು ಎಂದು ತಿಳಿದರೆ ಮಾತ್ರ ತಡೆಯುವ ಕೆಲಸ ಶುರುವಾಗುತ್ತದೆ.

ಕಡಲಿನ ಪ್ಲಾಸ್ಟಿಕ್‌ಗೆ ಜಗತ್ತಿನ ಕೆಲವೇ ಮಹಾನದಿಗಳು ಕಾರಣವೆಂಬ ಅಂದಾಜು ಕೆಲಕಾಲ ಚಾಲ್ತಿಯಲ್ಲಿತ್ತು. 2021ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಬದಲಿಸಿತು. ಅದರ ಪ್ರಕಾರ ನದಿಗಳು ವರ್ಷಕ್ಕೆ 8 ಲಕ್ಷದಿಂದ 27 ಲಕ್ಷ ಟನ್ ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಒಯ್ಯುತ್ತವೆ. ಇದರ ಶೇ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳಲ್ಲಿ ಹಂಚಿಹೋಗಿದ್ದು, ಊರುಗಳ ನಡುವೆ ಹರಿಯುವ ಸಣ್ಣ ಹೊಳೆಗಳ ಪಾಲು ಅದರಲ್ಲಿ ದೊಡ್ಡದು.

ಕಸದ ಬೆನ್ನು ಹತ್ತುವ ಒಂದು ಪ್ರಯೋಗ ನಡೆದದ್ದು ಗಂಗೆಯಲ್ಲಿ. ಅರ್ಧ ಲೀಟರಿನ ಬಾಟಲಿಗಳ ಒಳಗೆ ಜಿಪಿಎಸ್ ಉಪಕರಣವಿಟ್ಟು, ನಿಜವಾದ ಕಸದಂತೆಯೇ ತೇಲುವ ಹಾಗೆ ಮಾಡಿ ವಿಜ್ಞಾನಿಗಳು ನೀರಿಗೆ ಬಿಟ್ಟರು. ನದಿಯಲ್ಲಿದ್ದ ಬಾಟಲಿಗಳು ಮೊಬೈಲ್ ಜಾಲದ ಮೂಲಕ, ಬಂಗಾಳ ಕೊಲ್ಲಿಗೆ ಬಿಟ್ಟವು ಉಪಗ್ರಹದ ಮೂಲಕ ತಮ್ಮ ಜಾಗ ತಿಳಿಸುತ್ತಿದ್ದವು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ ಒಂದು ಬಾಟಲಿ 94 ದಿನಗಳಲ್ಲಿ 2,845 ಕಿಲೋಮೀಟರ್ ಸಾಗಿತ್ತು. ನದಿಯ ಬಾಟಲಿಗಳ ಓಟ ಮಾತ್ರ ಒಂದೇ ಸಮನಾಗಿರಲಿಲ್ಲ. ಅವು ಎಲ್ಲೋ ಸಿಕ್ಕಿಕೊಂಡು ನಿಂತು, ಮತ್ತೆ ಹೊರಡುತ್ತಿದ್ದವು. ಹೀಗೆ ನಿಲ್ಲುವ ತಾಣಗಳೇ ಕಸ ಎತ್ತಲು ಅನುಕೂಲವಾದ ಜಾಗಗಳು.

ಸೇತುವೆಯ ಮೇಲೆ ನಿಂತು, ಗೊತ್ತುಪಡಿಸಿದ ಹೊತ್ತಿನಲ್ಲಿ ಕೆಳಗೆ ಹಾದುಹೋಗುವ ಕಸವನ್ನು ಎಣಿಸುವುದು ಇನ್ನೂ ಸರಳ ವಿಧಾನ. ಇದಕ್ಕೆ ಶಾಲಾ ಮಕ್ಕಳೂ ಸಾಕು. ಜಕಾರ್ತದ ಕಾಲುವೆಗಳಲ್ಲಿ ಇದೇ ಕೆಲಸಕ್ಕೆ ಸೇತುವೆಗಳಿಗೆ ಕ್ಯಾಮೆರಾ ಕಟ್ಟಿ, ಚಿತ್ರಗಳಲ್ಲಿ ಪ್ಲಾಸ್ಟಿಕ್ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಲಾಯಿತು. ಯಂತ್ರದ ಕಣ್ಣಿಗೂ ಮಿತಿಗಳಿವೆ. ಬಿಸಿಲಿನ ಹೊಳಪು ಅದನ್ನು ಮೋಸಗೊಳಿಸುತ್ತದೆ, ಜಲಕಳೆಯ ಬುಡದಲ್ಲಿ ಸಿಕ್ಕಿದ ಕವರು ಅದಕ್ಕೆ ಕಾಣುವುದಿಲ್ಲ. ಮುಚ್ಚಳ ಬಿಗಿದ ಬಾಟಲಿ ತೇಲುತ್ತದೆ. ಮುಚ್ಚಳವಿಲ್ಲದ್ದು ನೀರು ತುಂಬಿ ತಳ ಸೇರಿ ಲೆಕ್ಕದಿಂದ ತಪ್ಪಿಹೋಗುತ್ತದೆ. ಆದ್ದರಿಂದ ದಡದಲ್ಲಿ ಬಲೆ ಹಾಕುವ ಮೀನುಗಾರರ ಅನುಭವವೂ ಈ ಲೆಕ್ಕಕ್ಕೆ ಬೇಕು.

ಜಾಗ ತಿಳಿದ ಮೇಲೆ ತಡೆಯುವ ಕೆಲಸ. ಗ್ವಾಟೆಮಾಲಾದ ಲಾಸ್ ವಾಕಾಸ್ ನದಿಗೆ 2022ರಲ್ಲಿ ‘ದಿ ಓಷನ್ ಕ್ಲೀನಪ್’ ಸಂಸ್ಥೆ ದೊಡ್ಡ ಬೇಲಿ ಹಾಕಿತು. ಪ್ರವಾಹದಲ್ಲಿ ರಾಶಿಗಟ್ಟಲೆ ಕಸ ಅದಕ್ಕೆ ಸಿಕ್ಕಿತು, ಆದರೆ ಕಂಬಗಳ ಬುಡದ ಮಣ್ಣನ್ನು ನೀರು ಕೊರೆದದ್ದರಿಂದ ಬೇಲಿ ನಿಲ್ಲಲಿಲ್ಲ. ಮರುವರ್ಷ ದಡಕ್ಕೆ ಬಿಗಿದ ತೇಲುವ ತಡೆಗಳು ಬಂದವು. ಬೆಂಗಳೂರಿನ ಆಲ್ಫಾಮರ್ಸ್ ಕಂಪನಿ ಚೆನ್ನೈನ ಕೂವಂ ನದಿಗೆ ಹಾಕಿದ ತಡೆಗಳೂ ಇಂಥ ತೇಲುವ ಬಗೆಯವೇ. ನದಿಗೆ ಓರೆಯಾಗಿ ಅಡ್ಡ ಕಟ್ಟಿದ ತಡೆಯ ಉದ್ದಕ್ಕೂ ಕಸ ಜಾರಿ ದಡಕ್ಕೆ ಬರುತ್ತದೆ, ನೀರು ಕೆಳಗಿನಿಂದ ಹರಿದುಹೋಗುತ್ತದೆ. ದಿನವೂ ಎತ್ತದಿದ್ದರೆ ಮುಂದಿನ ಮಳೆ ಎಲ್ಲವನ್ನೂ ದಾಟಿಸಿಬಿಡುತ್ತದೆ.

ಎತ್ತಿದ ಕಸ ಎಲ್ಲಿಗೆ ಹೋಗಬೇಕು ಎಂಬಲ್ಲಿ ಜನರ ಪಾತ್ರ ದೊಡ್ಡದಾಗುತ್ತದೆ. ಬೆಂಗಳೂರಿನ ವಾರ್ಡುಗಳಲ್ಲಿ ಒಣತ್ಯಾಜ್ಯ ಸಂಗ್ರಹ ಕೇಂದ್ರಗಳಿದ್ದು, ಅವುಗಳಲ್ಲಿ ಕೆಲವನ್ನು ಚಿಂದಿ ಆಯುವ ಕೆಲಸದಿಂದ ಬಂದವರೇ ನಡೆಸುತ್ತಾರೆ. ಹಸಿರುದಳದಂಥ ಸಂಘಟನೆ ಅವರ ಬೆನ್ನಿಗಿದೆ. ಬಾಟಲಿಗೆ ಬೆಲೆಯಿದೆ, ಹಾಗಾಗಿ ಅದನ್ನು ಆಯುವವರಿದ್ದಾರೆ. ಚಿಪ್ಸ್ ಪೊಟ್ಟಣದಂಥ ಹಲವು ಪದರದ ಹಾಳೆಯನ್ನು ಕೊಳ್ಳುವವರು ವಿರಳ. ಅದು ಬೀದಿಯಲ್ಲೇ ಉಳಿದು ಮೋರಿ ಸೇರುತ್ತದೆ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಸ್ಟ್ರಾ, ತಟ್ಟೆ, ಲೋಟ, ಚಮಚಗಳಿಗೆ ನಿಷೇಧವಿದೆ. ಪೊಟ್ಟಣಗಳು ಆ ಪಟ್ಟಿಯಲ್ಲಿಲ್ಲ. ಅವನ್ನು ಮಾರುಕಟ್ಟೆಗೆ ಬಿಟ್ಟ ಕಂಪನಿಗಳೇ ವಿಲೇವಾರಿಯ ಹೊಣೆ ಹೊರಬೇಕೆಂದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಹೊಳೆಯ ದಡದಲ್ಲಿ ಊರಿನವರು ಕಸ ಆಯುವಾಗ ಯಾವ ವಸ್ತು, ಯಾವ ಕಂಪನಿಯದು, ಯಾವ ಮೋರಿಯ ಬಾಯಲ್ಲಿ ಸಿಕ್ಕಿತು ಎಂದು ಬರೆದಿಟ್ಟುಕೊಂಡರೆ, ಅದೇ ಪುಸ್ತಕವನ್ನು ಪಾಲಿಕೆಯ ಮುಂದೆ, ಕಂಪನಿಗಳ ಮುಂದೆ ಇಟ್ಟು ಆ ಹೊಣೆಯನ್ನು ಕೇಳಬಹುದು.