ಕತ್ತಿಹಲ್ಲಿನ ಬೆಕ್ಕು ಮತ್ತು ಕೆಂಗೇರಿಯ ನೆರೆಯ ಚಿರತೆ
(ಕೆಂಗೇರಿಯಲ್ಲಿ ಪೋಷಕರು ಹಾಗೂ ಶಿಕ್ಷಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೆಂಗೇರಿ ಉಪನಗರದ ಮನೆಯೊಂದರಲ್ಲಿ ಹನ್ನೊಂದು ವರ್ಷದ ಬಾಲಕನೊಬ್ಬ ಬೇಸಿಗೆ ರಜೆಯ ಬಹುಭಾಗವನ್ನು ಕಂಪ್ಯೂಟರಿನ ಮುಂದೆ ಕಳೆದನು. ಸೋದರಮಾವನ ಹಳೆಯ ಸಿಡಿಗಳ ನಡುವೆ ಅವನಿಗೆ ದೊರೆತದ್ದು 2002ರಲ್ಲಿ ಬಂದ ‘ಜೂ ಟೈಕೂನ್: ಡೈನೋಸಾರ್ ಡಿಗ್ಸ್’ ಎಂಬ ಆಟ. ಅದರಲ್ಲಿ ಅವನು ಸಾಕಿದ್ದು ಸುಮಾರು 10,000 ವರ್ಷಗಳ ಹಿಂದೆ ಅಳಿದುಹೋದ ಸ್ಮೈಲೊಡಾನ್ ಎಂಬ ಕತ್ತಿಹಲ್ಲಿನ ಬೆಕ್ಕನ್ನು. ಇಲ್ಲದ ಪ್ರಾಣಿಯ ಮೇಲೆ ಮಗನಿಗೆ ಇಷ್ಟೊಂದು ಅಕ್ಕರೆ ಏಕೆಂಬುದು ತಾಯಿಯ ದೂರು.

ಆಟವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರಾಣಿಗೆ ಒಗ್ಗುವ ನೆಲ, ಗಿಡಮರ, ಬಂಡೆಗಳನ್ನು ಆಡುವವನೇ ಆರಿಸಬೇಕು. ಹೊಂದಿಕೆಯಾಗದಿದ್ದರೆ ಪ್ರಾಣಿಯ ನೆಮ್ಮದಿಯ ಸೂಚಕ ಇಳಿಯುತ್ತದೆ. ಬೇಲಿ ಮುರಿದು ಹೊರಬಂದರೆ ಹಿಡಿದು ತರಲು ತಂಡವೇ ಬೇಕು. ನೆಲಕ್ಕೂ ಜೀವಕ್ಕೂ ನಂಟಿದೆಯೆಂಬ ಪಾಠವನ್ನು ಇಷ್ಟು ಮುತುವರ್ಜಿಯಿಂದ ಹೇಳುವ ಪಠ್ಯಪುಸ್ತಕಗಳು ಅಪರೂಪ.

ಸ್ಮೈಲೊಡಾನಿಗೆ ವೈಜ್ಞಾನಿಕ ಹೆಸರಿಟ್ಟವನು ಡೆನ್ಮಾರ್ಕಿನ ಪೀಟರ್ ವಿಲ್ಹೆಲ್ಮ್ ಲುಂಡ್. ಬ್ರೆಜಿಲಿನ ಗುಹೆಗಳಲ್ಲಿ ದೊರೆತ ಮೂಳೆಗಳನ್ನು ಆಧರಿಸಿ, 1842ರಲ್ಲಿ. ಇದನ್ನು ಹುಲಿಯೆಂದು ಕರೆಯುವ ರೂಢಿಯಿದ್ದರೂ ಇಂದಿನ ಬೆಕ್ಕುಗಳ ಕವಲಿನಿಂದ ಇದರ ಕವಲು ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಬೇರೆಯಾಗಿತ್ತು. ಕೋರೆಹಲ್ಲು ಗೇಣಿಗಿಂತ ಉದ್ದವಾಗಿದ್ದರೂ ದವಡೆಯ ಕಚ್ಚುಬಲ ಸಿಂಹದ್ದಕ್ಕಿಂತ ಬಹಳ ಕಡಿಮೆ. ಹೊಂಚುಹಾಕಿ, ಬಲಿಷ್ಠ ಮುಂಗಾಲುಗಳಿಂದ ಬೇಟೆಯನ್ನು ನೆಲಕ್ಕೊತ್ತಿ ಹಿಡಿದ ಬಳಿಕವೇ ಅದು ಹಲ್ಲನ್ನು ಬಳಸುತ್ತಿತ್ತು. ಅಮೆರಿಕದ ಲಾ ಬ್ರಿಯಾ ಡಾಂಬರು ಮಡುಗಳಲ್ಲಿ ದೊರೆತ ಹಲ್ಲುಗಳ ರಾಸಾಯನಿಕ ವಿಶ್ಲೇಷಣೆ 2019ರಲ್ಲಿ ಪ್ರಕಟವಾಯಿತು. ಈ ಬೆಕ್ಕು ಬಯಲಿಗಿಂತ ಮರಗಳ ಮರೆಯಲ್ಲಿ ಜಿಂಕೆಯಂಥ ಪ್ರಾಣಿಗಳನ್ನು ಹಿಡಿಯುತ್ತಿತ್ತೆಂದು ಅದು ಸೂಚಿಸಿತು. ಸ್ಮೈಲೊಡಾನ್ ಅಮೆರಿಕ ಖಂಡಗಳದ್ದು. ಅದರ ಬಂಧುವಾದ ಮೆಗಾಂಟೆರಿಯಾನಿನ ಪಳೆಯುಳಿಕೆಗಳು ನಮ್ಮ ಶಿವಾಲಿಕ್ ಬೆಟ್ಟಗಳಲ್ಲಿಯೇ ಇವೆ.

ಆಟದಲ್ಲಿ ಮಾಂಸವನ್ನು ಸಿಬ್ಬಂದಿ ತಂದಿಡುತ್ತಾರೆ. ಅದು ಎಲ್ಲಿಂದ ಬಂತೆಂದು ಆಟ ಕೇಳುವುದಿಲ್ಲ. ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳನ್ನು ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಲೆಕ್ಕದಲ್ಲಿ ಒಂದು ಹುಲಿ ವರ್ಷಕ್ಕೆ ಸುಮಾರು 50 ಪ್ರಾಣಿಗಳನ್ನು ಕೊಲ್ಲುತ್ತದೆ. ಹಿಂಡು ಕರಗದಂತೆ ಅಷ್ಟು ಆಹಾರ ಒದಗಬೇಕಾದರೆ ಸುಮಾರು 500 ಬೇಟೆಪ್ರಾಣಿಗಳು ಬದುಕಿರಬೇಕು. ಅಷ್ಟು ಜಿಂಕೆ, ಕಡವೆ, ಹಂದಿಗಳಿಗೆ ಬೇಕಾದ ಹುಲ್ಲು, ಚಿಗುರು, ಗೆಡ್ಡೆ, ನೀರನ್ನು ಲೆಕ್ಕಕ್ಕೆ ತಂದುಕೊಂಡರೆ ಬಾಲಕನ ಬೇಲಿ ಎಲ್ಲಿಗೆ ಸರಿಯಬೇಕಾದೀತು! ಹಿಮಯುಗದ ಕೊನೆಗೆ ಹವೆ ಬದಲಾಯಿತು, ಬೇಟೆಗಾರ ಮನುಷ್ಯ ಬಂದನು, ದೊಡ್ಡ ಸಸ್ಯಾಹಾರಿಗಳು ಅಳಿದವು, ಕತ್ತಿಹಲ್ಲಿನ ಬೆಕ್ಕೂ ಉಳಿಯಲಿಲ್ಲ. ಯಾವ ಕಾರಣದ ಪಾಲು ಎಷ್ಟೆಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ.

ಈಗ ಕೆಂಗೇರಿಗೆ ಬರೋಣ. ಇಲ್ಲಿಂದ ದಕ್ಷಿಣಕ್ಕೆ, ಕನಕಪುರ ರಸ್ತೆಯ ಕಡೆಗೆ, ಬಿ.ಎಂ. ಕಾವಲು, ಯು.ಎಂ. ಕಾವಲು, ರೋರಿಕ್ ಎಸ್ಟೇಟುಗಳಿವೆ. ಹೊಳೆಮತ್ತಿ ನೇಚರ್ ಫೌಂಡೇಶನ್ ಕ್ಯಾಮೆರಾ ಇಟ್ಟು ನಡೆಸಿ 2024ರಲ್ಲಿ ಪ್ರಕಟಿಸಿದ ಸಮೀಕ್ಷೆ ಬೆಂಗಳೂರಿನ ಆಸುಪಾಸಿನಲ್ಲಿ 80ರಿಂದ 85 ಚಿರತೆಗಳಿವೆಯೆಂದು ಅಂದಾಜಿಸಿತು. ಅವುಗಳಲ್ಲಿ 54 ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲಿ. ಉಳಿದವು ಈ ಕಾವಲುಗಳಂಥ ಹೊರಗಿನ ತುಣುಕುಗಳಲ್ಲಿ. ಆ ಉದ್ಯಾನದ ಪರಿಸರ ಸೂಕ್ಷ್ಮ ವಲಯವಾದರೋ 2016ರ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರು ಇದ್ದುದು 2020ರ ಅಂತಿಮ ಅಧಿಸೂಚನೆಯಲ್ಲಿ ಸುಮಾರು 169ಕ್ಕೆ ಇಳಿಯಿತು. ಇಲ್ಲಿ ಇಳಿದದ್ದನ್ನು ತೋರಿಸಲು ಯಾವ ಪರದೆಯ ಮೇಲೂ ಸೂಚಕವಿರಲಿಲ್ಲ.

ಬಡಾವಣೆಯಲ್ಲಿ ಚಿರತೆ ಕಂಡಿತೆಂದರೆ ಮೊದಲು ಕೇಳಿಬರುವ ಬೇಡಿಕೆ ಬೋನಿನದು. ಮಕ್ಕಳಿರುವ ಮನೆಯವರ ಭಯ ಸಹಜ. ಅದನ್ನು ಹಂಗಿಸುವುದು ತರವಲ್ಲ. ಆದರೆ ಹಿಡಿದದ್ದನ್ನು ಎಲ್ಲಿ ಬಿಡಬೇಕು? ಮಹಾರಾಷ್ಟ್ರದ ಜುನ್ನರ್ ಸೀಮೆಯ ಚಿರತೆಗಳ ಕುರಿತು ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಡಿದು ಬೇರೆಡೆ ಬಿಡತೊಡಗಿದ ಮೇಲೆ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದ್ದು ಕಂಡುಬಂತು. ಇನ್ನುಳಿದದ್ದು ಜೀವಾವಧಿ ಬಂಧನ. ಬನ್ನೇರುಘಟ್ಟದ ಜೈವಿಕ ಉದ್ಯಾನದಲ್ಲಿ 2024ರಲ್ಲಿ 20 ಹೆಕ್ಟೇರಿನ ಚಿರತೆ ಸಫಾರಿ ತೆರೆಯಿತು. ಅಲ್ಲಿಯೂ ಬೇಲಿಯುಂಟು, ಮಾಂಸವನ್ನು ಸಿಬ್ಬಂದಿಯೇ ಇಡುತ್ತಾರೆ.

ಕಸ ರಾಶಿಬಿದ್ದಲ್ಲಿ ಬೀದಿನಾಯಿ ಸೇರುತ್ತವೆ, ನಾಯಿಯ ಆಸೆಗೆ ಚಿರತೆ ಬರುತ್ತದೆ. ಕಸ ತೆಗೆಸುವುದು, ಓಣಿಗೆ ದೀಪ ಹಾಕಿಸುವುದು, ಮುಸ್ಸಂಜೆಯ ಬಳಿಕ ಮಕ್ಕಳನ್ನು ಕಾವಲಿನ ಅಂಚಿಗೆ ಒಂಟಿಯಾಗಿ ಕಳುಹಿಸದಿರುವುದು ಇಂದೇ ಆಗಬಹುದಾದ ಕೆಲಸಗಳು. ಕಾವಲುಗಳಿಗೆ ಸಂರಕ್ಷಿತ ಪ್ರದೇಶದ ಸ್ಥಾನಮಾನ ನೀಡಬೇಕೆಂಬ ಬೇಡಿಕೆಗೆ ಕೆಂಗೇರಿಯವರ ಸಹಿಗಳೂ ಬೇಕು.

ಅಂದ ಹಾಗೆ, ರಜೆ ಮುಗಿಯುವ ಮುನ್ನ ಆ ಬಾಲಕ ತನ್ನ ಬೆಕ್ಕಿನ ಆವರಣವನ್ನು ಮೂರು ಪಟ್ಟು ಹಿಗ್ಗಿಸಿದ್ದನಂತೆ. ಅದಕ್ಕಾಗಿ ಐಸ್‌ಕ್ರೀಮ್ ಅಂಗಡಿಗಳೆರಡನ್ನು ಕೆಡವಬೇಕಾಯಿತು.